ಫಾದರ್ ಗುಡಿಯ ಸೊಟ್ಟ ಮೂಲೆ

ನಮ್ಮ ಮನೆಗೆ ಬರುವವರು ಯಾರೂ ನನ್ನನ್ನು ಕೇಳಿಕೊಂಡು ಬರುವುದಿಲ್ಲ. ಮಗನನ್ನು ಕೇಳಿಕೊಂಡು ಬರುತ್ತಾರೆ. ಅವನು ಗೌಂಡಿ, ಗೋಡೆ ಕಟ್ಟುವವನು. ಅವನಿಗಿಂತ ಮೊದಲು ಅವನ ಅಪ್ಪನನ್ನು ಕೇಳಿಕೊಂಡು ಬರುತ್ತಿದ್ದರು. ಹೋದ ಬೇಸಿಗೆಯಲ್ಲಿ ಕಾಲೇಜಿನ ಇತಿಹಾಸದ ಮೇಡಂ ಬಂದು, ಕೆಲಸ ಇರುವುದು ನಿಮ್ಮ ಹತ್ತಿರವೇ ಅಂದಾಗ ನಾನು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗೆ ಇಡಲೂ ಇಲ್ಲ. ಕೂಡ್ರಿ ಅಂದೆ. ಮೊಣಕಾಲು ಹೋದವರು ಎದ್ದು ಉಪಚಾರ ಮಾಡುವುದು ಆಗದ ಮಾತು.

ಆ ಕಾಲೇಜು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಇದೆ. ಕ್ರೈಸ್ತರ ಫಾದರ್‌ಗಳು ನಡೆಸುತ್ತಾರೆ. ಮೊದಲು ಶಾಲೆ ಇತ್ತು, ಆಮೇಲೆ ಕಾಲೇಜು ಆಯಿತು. ಅದರ ಆವರಣದಲ್ಲಿ ಪ್ರಾರ್ಥನೆಗೆ ಒಂದು ಸಣ್ಣ ಚರ್ಚು ಇದೆ. ಅವರು ಚಾಪೆಲ್ ಅನ್ನುತ್ತಾರೆ, ನಮ್ಮ ಕಡೆಯವರು ಫಾದರ್ ಗುಡಿ ಅನ್ನುತ್ತೇವೆ. ಅದನ್ನು ಕಟ್ಟಿದವನು ನನ್ನ ಗಂಡ. ಕಲ್ಲು, ಮಣ್ಣು, ಗಚ್ಚು ಹೊತ್ತವಳು ನಾನು. ಕಟ್ಟಿ ಮುಗಿದ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಅದರ ಕಸ ಹೊಡೆದವಳೂ ನಾನೇ. ನಾಲ್ಕು ಅಕ್ಷರ ಕಲಿತದ್ದೂ ಅದರ ಪಡಸಾಲೆಯಲ್ಲಿ. ಸಂಜೆ ಕೂಲಿ ಹೆಂಗಸರನ್ನು ಕೂಡಿಸಿ ಸಿಸ್ಟರ್‌ಗಳು ಕಲಿಸುತ್ತಿದ್ದರು. ಆ ನಾಲ್ಕು ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ಒತ್ತು ದೀರ್ಘ ತಪ್ಪಿದಲ್ಲಿ ಮೇಡಂ ತಿದ್ದಿದ್ದಾರೆ. ಮಾತು ನನ್ನದೇ.

ಮೇಡಂ ಆ ಗುಡಿಯ ಕಥೆಯನ್ನು ಪುಸ್ತಕ ಮಾಡುತ್ತಿದ್ದರು. ಆಗಲೇ ಅರ್ಧ ಬರೆದು ತಂದಿದ್ದರು. ಓದಿ ಹೇಳಿದರು. ಕಿಟಕಿಗಳ ಮೇಲಿನ ಕಮಾನುಗಳು ಯುರೋಪಿನ ಮಾದರಿಯವು ಎಂದು ಬರೆದಿತ್ತು. ಯುರೋಪು ಎಲ್ಲಿದೆಯೋ ನನಗೆ ಗೊತ್ತಿಲ್ಲ, ಆ ಕಮಾನು ಮಾತ್ರ ಮುದಗಲ್ಲಿನದು ಅಂದೆ. ನನ್ನ ಗಂಡ ಕೆಲಸ ಕಲಿತದ್ದು ಮುದಗಲ್ಲಿನ ಒಬ್ಬ ಉಸ್ತಾದರ ಕೈಕೆಳಗೆ. ಕಮಾನು ಕಟ್ಟುವಾಗ ಕಲ್ಲು ಬೀಳದಂತೆ ಕೆಳಗೆ ಕಟ್ಟಿಗೆಯ ಅಚ್ಚು ನಿಲ್ಲಿಸುತ್ತಾರಲ್ಲ, ಆ ಅಚ್ಚನ್ನು ಉಸ್ತಾದರಿಂದಲೇ ಕೇಳಿ ತಂದಿದ್ದ. ಅದು ಮೊದಲು ಒಂದು ದರ್ಗಾದ ಬಾಗಿಲಿಗೆ ನಿಂತಿತ್ತು, ಆಮೇಲೆ ಲಿಂಗಸುಗೂರಿನ ಒಬ್ಬ ಸಾಹುಕಾರರ ಪಡಸಾಲೆಗೆ. ಅಲ್ಲಿಂದ ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದು ಏಸುವಿನ ಗುಡಿಗೆ ನಿಲ್ಲಿಸಿದೆವು. ದರ್ಗಾದ ಬಾಗಿಲು ನೋಡಿ, ಸಾಹುಕಾರರ ಪಡಸಾಲೆ ನೋಡಿ, ಇದನ್ನೂ ನೋಡಿ, ಮೂರೂ ಒಂದೇ ತಾಯಿಯ ಮಕ್ಕಳು ಅಂದೆ. ಮೇಡಂ ನಕ್ಕು ಬರೆದುಕೊಂಡರು.

ಮುಂದೆ ಓದಿದರು. ಈಶಾನ್ಯದ ಮೂಲೆಯ ಗೋಡೆ ಒಳಕ್ಕೆ ಬಾಗಿದೆಯಲ್ಲ, ಅದು ಬಂದವರನ್ನು ಅಪ್ಪಿಕೊಳ್ಳುವ ತೋಳಿನಂತೆ ಕಾಣಲಿ ಎಂದು ನಿಪುಣ ಗೌಂಡಿಯೊಬ್ಬ ಬೇಕೆಂದೇ ಬಾಗಿಸಿದ್ದು ಎಂದು ಬರೆದಿದ್ದರು. ನಾನು ಮತ್ತೆ ಜೋಳ ಕೇರತೊಡಗಿದೆ.

"ಇದು ಖರೇನೇನ್ರಿ ಅಮ್ಮಾ?" ಎಂದು ಕೇಳಿದರು.

"ಬರದೀರಲ್ಲ, ಇರಲಿ ಬಿಡ್ರಿ" ಅಂದೆ.

ಬೇರೆಯದೆಲ್ಲ ಹೇಳಿದೆ. ಅಲ್ಲಿ ಇದ್ದದ್ದು ಎರಿ ಭೂಮಿ, ಕಪ್ಪು ಮಣ್ಣು. ಎರಿ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಅದರ ಮೇಲೆ ಗೋಡೆ ನಿಲ್ಲಿಸಬೇಕೆಂದರೆ ಆಳುದ್ದ ಪಾಯ ಅಗೆದು, ಎರಿಯನ್ನು ಪೂರಾ ತೆಗೆದು, ಸಣ್ಣ ಹರಳಿನ ಗರಸು ಮಣ್ಣು ತುಂಬಿ, ನೀರು ಬಿಟ್ಟು ಬಡಿಯಬೇಕು. ನಾವು ಹತ್ತು ಹನ್ನೆರಡು ಹೆಂಗಸರು ಗರಸು ಹೊತ್ತೆವು. ನೆತ್ತಿಯ ಮೇಲಿನ ಸಿಂಬಿ ಸವೆದು ಹೋಗುತ್ತಿತ್ತು, ಸೀರೆಯ ಸೆರಗು ಹರಿದು ಮತ್ತೊಂದು ಸಿಂಬಿ ಮಾಡುತ್ತಿದ್ದೆವು. ಕಲ್ಲು ಮಸ್ಕಿಯ ಗುಡ್ಡದ ಕಡೆಯಿಂದ ಬರುತ್ತಿತ್ತು. ಸುಣ್ಣದ ಗಚ್ಚನ್ನು ಗಾಣಕ್ಕೆ ಹಾಕಿ ಅರೆಯುತ್ತಿದ್ದರು. ಎತ್ತು ಸುತ್ತುತ್ತಿತ್ತು, ಕಲ್ಲಿನ ಗಾಲಿ ಉರುಳುತ್ತಿತ್ತು. ಗೋಡೆ ಎದ್ದ ಮೇಲೆ ತಗಡಿನ ಚಾವಣಿ. ಮಳೆ ಬಂದರೆ ಫಾದರ್ ಹೇಳಿದ ಮಂತ್ರ ಯಾರಿಗೂ ಕೇಳುತ್ತಿರಲಿಲ್ಲ. ಹೊಸ್ತಿಲು ಬೇಡ ಎಂದು ಆಗಿನ ಫಾದರ್ ಹೇಳಿದ್ದರು. ಹೊಸ್ತಿಲು ಇಲ್ಲದ ಬಾಗಿಲನ್ನು ನನ್ನ ಗಂಡನ ಕೈ ಕಟ್ಟಲಿಲ್ಲ. ಬಹಳ ವರ್ಷ ಮದುವೆಯ ಹೆಣ್ಣುಗಳು ಅದಕ್ಕೆ ಎಡವಿದವು. ಕಡೆಗೆ ಗಾಲಿ ಕುರ್ಚಿಯವರಿಗೆ ತೊಂದರೆ ಎಂದು ಕಿತ್ತು ಹಾಕಿದರು. ಒಳ್ಳೆಯದೇ ಆಯಿತು.

ಇಷ್ಟನ್ನೆಲ್ಲ ಹೇಳಿದರೂ ಮೂಲೆಯ ಮಾತನ್ನು ಹೇಳಲಿಲ್ಲ. ಮೇಡಂ ಹೋದರು.

ಈಗ ಬರೆದುಬಿಡುತ್ತೇನೆ. ಪಾಯಕ್ಕೆ ದಾರ ಹಿಡಿದಾಗ ಆ ದಾರ ಸೀದಾ ಒಂದು ಹುತ್ತದ ಮೇಲೆ ಹಾದಿತ್ತು. ಸೊಂಟದೆತ್ತರದ ಹುತ್ತ. ಪಂಚಮಿಯಲ್ಲಿ ಹೊಲದ ಹೆಂಗಸರು ಹಾಲು ಎರೆದು ಅದರ ಮೈ ಬೆಳ್ಳಗಾಗಿತ್ತು. ಹುತ್ತ ಕೆಡವಲು ಗೌಂಡಿಗಳೂ ಅಂಜುತ್ತಾರೆ, ಆದರೂ ಕೆಡವುತ್ತಾರೆ. ಇಲ್ಲದಿದ್ದರೆ ಊರಲ್ಲಿ ಒಂದು ಮನೆಯೂ ಏಳುತ್ತಿರಲಿಲ್ಲ. ಆದರೆ ಹೆಂಡತಿ ಬಸುರಿ ಇದ್ದವನು ಹುತ್ತ ಕೆಡವಬಾರದು, ಹಾವು ಹೊಡೆಯಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ನನಗೆ ಆಗ ಐದು ತಿಂಗಳು. ಅದಕ್ಕಿಂತ ಮೊದಲು ಎರಡು ಹೆತ್ತಿದ್ದೆ. ಒಂದು ಅಳಲೇ ಇಲ್ಲ. ಇನ್ನೊಂದು ಒಂಬತ್ತು ದಿನ ಇತ್ತು.

ಬೇರೆ ಯಾರಾದರೂ ಅಗೆಯಲಿ ಎಂದು ಗಂಡ ಹೇಳಿ ನೋಡಿದ. ಕೆಲಸ ಹಿಡಿದವನು ನೀನು, ಪಾಪ ನಿನ್ನ ಪಾಲಿಗೇ ಎಂದು ಆಳುಗಳು ಹಾರೆ ಮುಟ್ಟಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ಆಣೆ ಹಾಕಿಸಿಕೊಂಡವಳು ನಾನು. ಅದರ ತಂಟೆಗೆ ಹೋದರೆ ತವರಿಗೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ ಅಂದೆ. ಫಾದರ್ ಎಂಟು ದಿನ ಊರಲ್ಲಿ ಇರಲಿಲ್ಲ. ಆ ಎಂಟು ದಿನದಲ್ಲಿ ಗಂಡ ಹುತ್ತ ಬಿಟ್ಟು ದಾರವನ್ನು ಒಳಕ್ಕೆ ಎಳೆದ. ಹುತ್ತ ಮೇಲೆ ಕಂಡಷ್ಟೇ ಇರುವುದಿಲ್ಲ, ನೆಲದ ಒಳಗೆ ಅದರ ಬೇರು ದೊಡ್ಡದು. ಆಳಕ್ಕೆ ಹೋದರೆ ಅದಕ್ಕೆ ತಾಗುತ್ತದೆ ಎಂದು ಆ ಮೂಲೆಯಲ್ಲಿ ಮೊಣಕಾಲುದ್ದ ಅಗೆದು, ಅಲ್ಲಿಂದಲೇ ಕಲ್ಲು ಇಟ್ಟ. ಫಾದರ್ ತಿರುಗಿ ಬಂದು, ಗೋಡೆ ಯಾಕೆ ಬಾಗಿತು ಎಂದು ಕೇಳಿದಾಗ ಕೆಳಗೆ ಹಾಸುಬಂಡೆ ಹತ್ತಿದೆ ಅಂದ. ನನ್ನ ಗಂಡ ಅದೊಂದೇ ಸುಳ್ಳು ಹೇಳಿದವನು ಅಂತ ಹೇಳಲಾರೆ. ಕೆಲಸದಲ್ಲಿ ಹೇಳಿದ್ದು ಮಾತ್ರ ಅದೊಂದೇ.

ಫಾದರ್ ಮಂಗಳೂರಿನ ಕಡೆಯವರು. ಬಾಗಿದ ಗೋಡೆಯ ಮೇಲೆ ಕೈಯಾಡಿಸಿ, ಪರವಾಗಿಲ್ಲ, ತೋಳಿನ ಹಾಗೆ ಕಾಣುತ್ತದೆ ಅಂದರು. ಆ ಮಾತು ಬಾಯಿಂದ ಬಾಯಿಗೆ ಬಂದು ಮೇಡಂ ಪುಸ್ತಕಕ್ಕೆ ಸೇರಿತ್ತು.

ಮಗ ಹುಟ್ಟಿದ. ಅತ್ತ. ಬದುಕಿದ. ಹುತ್ತವನ್ನು ನಾಲ್ಕಾರು ಮಳೆಗಾಲದಲ್ಲಿ ನೀರು ಕರಗಿಸಿತು, ಆಡು ತುಳಿದವು. ಅಲ್ಲಿ ಸಿಸ್ಟರ್‌ಗಳು ದಾಸವಾಳ ಹಚ್ಚಿದರು. ನಾನು ದಿನಾ ಕಸ ಹೊಡೆಯುವಾಗ ಆ ಮೂಲೆಯನ್ನು ನೋಡುತ್ತಿದ್ದೆ. ತಗಡಿನ ಚಾವಣಿ ಹಗುರ, ಮೊಣಕಾಲುದ್ದದ ಪಾಯ ಅದನ್ನು ತಡೆದುಕೊಂಡಿತು. ಗಂಡ ಸತ್ತ ಎಷ್ಟೋ ವರ್ಷಕ್ಕೆ ತಗಡು ತೆಗೆದು ಸಿಮೆಂಟಿನ ಸ್ಲ್ಯಾಬ್ ಹಾಕಿದರು. ನೆಲದ ಕಡಪಾ ಕಲ್ಲು ಕಿತ್ತು ಟೈಲ್ಸ್ ಹಾಕಿದರು. ಕಾಲು ಜಾರುತ್ತದೆ, ಕಸ ಮಾತ್ರ ಚೆನ್ನಾಗಿ ಬರುತ್ತದೆ. ಆಮೇಲೆ ಸುತ್ತಲೂ ಹುಲ್ಲು ಬೆಳೆಸಿ, ಮುಂಜಾನೆ ಸಂಜೆ ಪೈಪಿನಿಂದ ನೀರು ಬಿಡತೊಡಗಿದರು. ಎರಿ ಮಣ್ಣಿಗೆ ದಿನಾ ನೀರು ಕುಡಿಸಿದರೆ ಏನಾಗುತ್ತದೆ ಎಂದು ಹೇಳಲು ಓದು ಬೇಕಿಲ್ಲ. ಸೊಟ್ಟ ಮೂಲೆಯಲ್ಲಿ ಮೊದಲು ಕೂದಲೆಳೆಯಂಥ ಬಿರುಕು ಬಂತು. ಈ ವರ್ಷ ನನ್ನ ಕಿರುಬೆರಳು ಒಳಗೆ ಹೋಗುತ್ತಿತ್ತು. ಕಸದ ಕೆಲಸ ಬಿಟ್ಟು ಬಹಳ ದಿನವಾದರೂ, ಮಸ್ಕಿ ಸಂತೆಗೆ ಹೋದಾಗ ಬಸ್ಸು ಇಳಿದು ಒಮ್ಮೆ ಬೆರಳು ಹಾಕಿ ನೋಡಿ ಬರುತ್ತಿದ್ದೆ. ಪ್ರಾರ್ಥನೆಯಲ್ಲಿ ಹಾಡುವ ಹುಡುಗಿಯರು ಆ ಮೂಲೆಯಲ್ಲೇ ಕೂಡುತ್ತಾರೆ. ಗುರುಗುಂಟಾ, ಮುದಗಲ್ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿ ಇರುವ ಹುಡುಗಿಯರು. ನಾನು ಕೆಲಸದಲ್ಲಿದ್ದಾಗ ಅವರ ತಲೆಪಿನ್ನುಗಳು ಅಲ್ಲೇ ಬಿದ್ದಿರುತ್ತಿದ್ದವು, ಗುಡಿಸಿ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದೆ.

ಕಾಲೇಜಿನವರು ಇಂಜಿನಿಯರನ್ನು ಕರೆಸಿದರು. ಅವನು ತೆಂಕಣ ಗೋಡೆಯಲ್ಲಿ ಒಂದು ಕಡೆ, ಬಡಗಣ ಗೋಡೆಯ ನಡುವೆ ಒಂದು ಕಡೆ ಅಗೆಸಿ ನೋಡಿದ. ಎರಡೂ ಕಡೆ ಆಳುದ್ದ ಪಾಯ. ಇಂಥ ಪಾಯ ಈಗ ಯಾರೂ ಹಾಕುವುದಿಲ್ಲ, ಬಿರುಕು ಮೇಲಿನದು ಮಾತ್ರ, ಸಿಮೆಂಟ್ ತುಂಬಿ ಬಣ್ಣ ಹಚ್ಚಿ ಅಂದನಂತೆ. ಪುಸ್ತಕ ಬಿಡುಗಡೆ ಮಾಡುವ ದಿನಕ್ಕೆ ಗುಡಿ ಹೊಸದಾಗಿ ಕಾಣಬೇಕು. ಆ ಕೆಲಸ ನನ್ನ ಮಗನಿಗೇ ಬಂತು.

ಅವನು ಮಧ್ಯಾಹ್ನ ಉಣ್ಣಲು ಬಂದಾಗ ಹೇಳಿದ. ಬಹಳ ಖುಷಿಯಲ್ಲಿದ್ದ. ಎಲ್ಲಿ ಕೆಲಸಕ್ಕೆ ಹೋದರೂ ಅವನು ಹೇಳುವುದು ಒಂದೇ: ನಮ್ಮಪ್ಪನ ಗೋಡೆ ನೋಡಬೇಕೆಂದರೆ ಫಾದರ್ ಗುಡಿ ನೋಡಿ ಬರ್ರಿ, ಆನೆ ಗುದ್ದಿದರೂ ಅಲುಗುವುದಿಲ್ಲ. ಆ ಮಾತಿನ ಮೇಲೆಯೇ ಅವನನ್ನು ಕರೆದವರು ಎಷ್ಟೋ ಜನ. ಈಗ ಇಂಜಿನಿಯರ್ ಬಾಯಿಂದಲೂ ಅದೇ ಬಂದಿತ್ತು.

ನಾನು ರೊಟ್ಟಿ ಹಾಕಿದೆ, ಪುಂಡಿಪಲ್ಯ ಹಾಕಿದೆ. ಆಮೇಲೆ ಹೇಳಿದೆ.

"ಆ ಮೂಲ್ಯಾಗ ಸಿಮೆಂಟ್ ತುಂಬಬ್ಯಾಡ. ಅಗದ ನೋಡು."

"ಅಗದ ನೋಡ್ಯಾರ ಬೇ. ಪಾಯಾ ಆಳುದ್ದ ಐತಿ."

"ಅವರು ಅಗದಲ್ಲಿ ಐತಿ. ಮೂಲ್ಯಾಗ ಮೊಣಕಾಲುದ್ದ."

ತುತ್ತು ಕೈಯಲ್ಲೇ ನಿಂತಿತು. "ನಿನಗ ಯಾರ್ ಹೇಳಿದ್ರು?"

"ಯಾರ್ ಹೇಳಬೇಕು? ಕಲ್ಲು ಹೊತ್ತಾಕಿ ನಾನು."

ಅವನು ನನ್ನ ಮುಖ ನೋಡಿದ. ವಯಸ್ಸಾಗಿ ಬುದ್ಧಿ ಕೆಟ್ಟಿದೆಯೋ ಎಂದು ನೋಡುವ ನೋಟ ಅದು, ನನಗೆ ಗೊತ್ತಾಗುತ್ತದೆ. ಅಪ್ಪ ಹಾಗೆ ಮಾಡುವವನಲ್ಲ ಅಂದ. ಮಾಡಿದ ಅಂದೆ. ಊರೆಲ್ಲ ಹೊಗಳುವ ಹೊತ್ತಿಗೆ ನೀನೊಬ್ಬಳು ಬಾಯಿ ತೆರೆಯದಿದ್ದರೆ ಆಗುವುದಿಲ್ಲವೇ ಅಂದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ಸತ್ತ ಮನಷ್ಯಾನ ಕಳ್ಳನ್ನ ಮಾಡಾಕತ್ತೀಯಲ್ಲ ಯವ್ವ. ನಾಳಿ ನನ್ನ ಕೈಯಾಗ ಯಾರು ಪಾಯಾ ಹಾಕಸ್ತಾರ?"

ಇದು ಖರೆ. ಗೌಂಡಿಯ ಮಗನಿಗೆ ಅಪ್ಪನ ಹೆಸರು ಬಿಟ್ಟರೆ ಬೇರೆ ಸರ್ಟಿಫಿಕೇಟ್ ಇಲ್ಲ. ಆದರೆ ನನ್ನ ಕಣ್ಣ ಮುಂದೆ ತಲೆಪಿನ್ನಿನ ಡಬ್ಬಿ ಇತ್ತು. ಹುತ್ತದ ಮಾತು ಹೇಳಿದೆ. ಸತ್ತ ಎರಡು ಕೂಸಿನ ಮಾತು ಅವನಿಗೆ ಗೊತ್ತಿತ್ತು, ಆಣೆಯ ಮಾತು ಗೊತ್ತಿರಲಿಲ್ಲ. ಹೊಟ್ಟೆಯಲ್ಲಿ ಆಗ ಇದ್ದವನು ನೀನು ಅಂದೆ.

"ಹಂಗಾದ್ರ ನನ್ನ ಮ್ಯಾಲ ಹಾಕ್ತಿ?"

"ನಿನ್ನ ಮ್ಯಾಲ ಯಾಕಲೇ, ನೀ ಆಗ ಹುಟ್ಟೇ ಇದ್ದಿಲ್ಲ. ಅಂಜಿದಾಕಿ ನಾನು. ಹೆಣ್ತಿ ಮಾತು ಕೇಳಿದಾಂವ ನಿಮ್ಮಪ್ಪ. ನಾಳಿ ಫಾದರ್‌ಗೆ ನಾನ ಹೇಳತೀನಿ."

ಅವನು ಕೈ ತೊಳೆದು ಎದ್ದು ಹೋದ. ಬಿಟ್ಟ ರೊಟ್ಟಿಯನ್ನು ನಾನು ತಿಂದೆ. ಕೆಡಿಸುವುದು ಯಾಕೆ.

ಮರುದಿನ ಮುಂಜಾನೆ ಬಸ್ಸು ಹತ್ತಿದೆ. ಮೆಟ್ಟಿಲು ಹತ್ತುವಾಗ ಕಂಡಕ್ಟರ್ ಕೈ ಹಿಡಿದು ಎಳೆದ. ಕಾಲೇಜಿನ ಗೇಟಿನಿಂದ ಗುಡಿಯವರೆಗೆ ನಡೆಯುವುದರಲ್ಲಿ ಎರಡು ಕಡೆ ಕೂತೆ. ಈಗಿನ ಫಾದರ್ ನಮ್ಮ ಕಡೆಯವನೇ, ಗುರುಗುಂಟಾ ಹತ್ತಿರದ ಹಳ್ಳಿಯವನು, ನನ್ನ ಮಗನಿಗಿಂತ ಸಣ್ಣವನು. ಮೇಡಂ ಕೂಡ ಅಲ್ಲೇ ಇದ್ದರು. ಇಬ್ಬರ ಮುಂದೆ ನಿಂತು ಹೇಳಿದೆ. ಅಲಂಕಾರ ಮಾಡಲಿಲ್ಲ. ಬಂಡೆ ಇಲ್ಲ, ಹುತ್ತ ಇತ್ತು, ಪಾಯ ಮೊಣಕಾಲುದ್ದ, ಸುಳ್ಳು ಹೇಳಿದೆವು. ಇಷ್ಟೇ.

"ಇಷ್ಟ ವರ್ಷ ಯಾಕ ಹೇಳಲಿಲ್ರಿ ಅಮ್ಮಾ?" ಎಂದು ಫಾದರ್ ಕೇಳಿದ.

"ಯಾರೂ ಕೇಳಲಿಲ್ಲ" ಅಂದೆ. ಆಮೇಲೆ ಅದೂ ಸುಳ್ಳು ಅನ್ನಿಸಿತು. ಬಿಳಿ ಅಂಗಿಯವನ ಮುಂದೆ ನಿಂತು ಇನ್ನೊಂದು ಯಾಕೆ. "ಕೇಳಿದ್ರೂ ಹೇಳತಿದ್ದಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಸರಿ ಇರುತ್ತಿತ್ತು. ಹಾಡುವ ಹುಡುಗಿಯರನ್ನು ಅವತ್ತೇ ಬೇರೆ ಕಡೆ ಕೂಡಿಸಿ, ಗುಡಿಗೆ ಬೀಗ ಹಾಕಿಸಿದ. ಇಂಜಿನಿಯರಿಗೆ ಫೋನು ಮಾಡಿದ. ಲಿಂಗಸುಗೂರಿನಿಂದ ಬೇರೆ ಗೌಂಡಿಗಳನ್ನು ಕರೆಸಿ ಅಗೆಸಬೇಕಾಗುತ್ತದೆ ಎಂದು ಆ ಕಡೆಯಿಂದ ಮಾತು ಬಂತು. ನಾನು ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಗ ಹಾರೆ ಹೆಗಲಿಗೆ ಹಾಕಿಕೊಂಡು ಇಬ್ಬರು ಆಳುಗಳ ಜೊತೆ ಬಂದ. ನನ್ನ ಕಡೆ ನೋಡಲಿಲ್ಲ. ಸೀದಾ ಫಾದರ್ ಹತ್ತಿರ ಹೋಗಿ ನಿಂತ.

"ಅಗಿಯೋದಾದ್ರ ನಾನ ಅಗೀತೀನ್ರಿ. ನಮ್ಮಪ್ಪನ ಪಾಯಾನ ಮತ್ತೊಬ್ಬ ಗೌಂಡಿ ಕೈಲೆ ಬಿಚ್ಚಸಬ್ಯಾಡ್ರಿ. ಆಮ್ಯಾಲ ಕೆಲಸ ಯಾರಿಗಾರ ಕೊಡ್ರಿ."

ಫಾದರ್ ಹೂಂ ಅಂದ.

ಇಂಜಿನಿಯರ್ ಬಂದು ಸ್ಲ್ಯಾಬಿಗೆ ಒಳಗಿನಿಂದ ಕಂಬ ಕೊಡಿಸಿದ. ದಾಸವಾಳದ ಗಿಡ ಕಿತ್ತರು. ಎರಡು ಗುದ್ದಲಿ ಮಣ್ಣು ತೆಗೆದಿರಲಿಲ್ಲ, ವಯಸ್ಸಾದ ಆಳು ಬಗ್ಗಿ ಒಂದು ಹಿಡಿ ಎತ್ತಿ ಬೆರಳಲ್ಲಿ ತಿಕ್ಕಿದ. ಸಣ್ಣ ಸಣ್ಣ ತೂತಿನ, ಹಿಟ್ಟಿನಂಥ ಮಣ್ಣು. ಇದು ಹುತ್ತದ ಮಣ್ಣು ಎಂದು ಗುದ್ದಲಿ ಕೆಳಗಿಟ್ಟ. ಇನ್ನೊಬ್ಬನೂ ಇಟ್ಟ. ಮೇಲೆ ಹುತ್ತ ಹೋಗಿ ಎಷ್ಟೋ ವರ್ಷ ಆಗಿತ್ತು. ಅಂಜಿಕೆ ಹೋಗಿರಲಿಲ್ಲ.

ಆಗ ಮಗ ನನ್ನ ಕಡೆ ನೋಡಿದ. ಮುಂಜಾನೆಯಿಂದ ಅದೇ ಮೊದಲು.

ಗೇಟಿನ ಅಂಗಡಿಯಿಂದ ಒಂದು ತೆಂಗಿನಕಾಯಿ ತರಿಸು ಅಂದೆ. ಫಾದರ್ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಕೈ ಹಿಂದೆ ಕಟ್ಟಿಕೊಂಡು ನೋಡುತ್ತಾ ನಿಂತ. ಮುದುಕ ಕಾಯಿ ಒಡೆದ, ನೀರು ಚಿಮುಕಿಸಿದ, ನೆಲಕ್ಕೆ ಕೈ ಮುಗಿದ. ಎಲ್ಲರ ಜೊತೆ ಫಾದರೂ ಒಂದು ಹೋಳು ತಿಂದ. ಆಮೇಲೆ ಅಗೆದರು. ಅಂದೂ ಇಷ್ಟೇ ಮಾಡಬಹುದಿತ್ತು. ಎಲ್ಲರ ಎದುರಿಗೆ ಅಂಜಿಕೆ ಆಗುತ್ತದೆ ಎಂದು ಹೇಳಿ, ಬೇರೆ ಊರಿನ ಗೌಂಡಿಯನ್ನು ಕರೆಸಿ ಒಂದು ಕಾಯಿ ಒಡೆದಿದ್ದರೆ ಮುಗಿಯುತ್ತಿತ್ತು. ನಮಗೆ ಹೊಳೆಯಲಿಲ್ಲ.

ಮೊಣಕಾಲುದ್ದಕ್ಕೆ ಪಾಯ ಮುಗಿಯಿತು. ಅದರ ಕೆಳಗೆ ಮಗ ಹಾರೆ ಊರಿದ. ಹಾರೆ ಅವನ ಕೈಯವರೆಗೆ ಒಳಗೆ ಇಳಿಯಿತು, ಅಂಬಲಿಯಲ್ಲಿ ಕಡ್ಡಿ ಇಳಿದ ಹಾಗೆ. ಹುತ್ತದ ಪೊಳ್ಳಿಗೆ ಹುಲ್ಲಿಗೆ ಬಿಟ್ಟ ನೀರು ಇಳಿದು ಎಲ್ಲ ಕೆಸರಾಗಿತ್ತು. ಹಾವು ಇರಲಿಲ್ಲ, ಹಾವಿನ ಪೊರೆ ಕೂಡ ಇರಲಿಲ್ಲ. ಇಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದ. ಗೋಡೆ ಈ ಮಳೆಗಾಲ ದಾಟುತ್ತಿರಲಿಲ್ಲ ಅಂದ. ಮಗ ಪಾಯದ ಕೊನೆಯ ಕಲ್ಲನ್ನು ಅಂಗೈಯಿಂದ ಒರೆಸಿದ. ಅಷ್ಟು ಆಳವಿಲ್ಲದಿದ್ದರೂ ಅವನ ಅಪ್ಪ ಅಲ್ಲಿ ಕಲ್ಲನ್ನು ಸಂದಿಗೆ ಸಂದಿ ಸೇರಿಸಿ, ಗಚ್ಚು ಒಂದಿಷ್ಟೂ ಹೊರಗೆ ಬಾರದಂತೆ ಇಟ್ಟಿದ್ದ. ಹಾರೆ ತಾಗಿದಲ್ಲಿ ಗಚ್ಚು ಬಿಟ್ಟಿರಲಿಲ್ಲ, ಕಲ್ಲಿನ ಚಕ್ಕೆ ಎದ್ದಿತ್ತು.

"ಕಳ್ಳನ ಕೆಲಸ ಅಲ್ರಿ ಇದು" ಎಂದು ಮಗ ಇಂಜಿನಿಯರಿಗೆ ಹೇಳಿದ. ನನಗೆ ಹೇಳಿದ್ದು ಅಂತ ನನಗೆ ತಿಳಿಯಿತು.

ಕೆಲಸ ಅವನ ಕೈಯಲ್ಲೇ ಉಳಿಯಿತು. ಆದರೆ ಆ ವಾರವೇ ಮಸ್ಕಿಯಲ್ಲಿ ಒಬ್ಬರು ತಮ್ಮ ಮನೆಯ ಪಾಯವನ್ನು ಬೇರೆಯವರಿಗೆ ಕೊಟ್ಟರು. ಹುತ್ತದ ಗೌಂಡಿ ಎಂದು ಯಾರೋ ಆಡಿಕೊಂಡರಂತೆ. ಇನ್ನೂ ಆಡಿಕೊಳ್ಳುತ್ತಾರೆ. ಅವನು ಆ ಮಾತನ್ನು ಮನೆಗೆ ಬಂದು ಹೇಳುತ್ತಾನೆ, ನಾನು ಕೇಳುತ್ತೇನೆ.

ಮೂಲೆಯನ್ನು ಪೂರಾ ಬಿಚ್ಚಿ, ಕೆಸರು ತೆಗೆದು, ಆಳುದ್ದಕ್ಕೆ ಗರಸು ತುಂಬಿ ಬಡಿದರು. ಕಲ್ಲು ಇಡುವ ದಿನ ಮೇಡಂ ಮತ್ತು ಇಂಜಿನಿಯರಿಗೆ ವಾದ ಬಿತ್ತು. ಬಾಗನ್ನು ಇದ್ದಂತೆಯೇ ಉಳಿಸಬೇಕು, ಅದು ಇತಿಹಾಸ ಎಂದು ಮೇಡಂ. ನೆಟ್ಟಗೆ ಇರಬೇಕು ಎಂದು ಇಂಜಿನಿಯರ್. ಫಾದರ್ ನನ್ನ ಮಗನನ್ನು ಕೇಳಿದ, ಮಗ ನನ್ನನ್ನು ಕೇಳಿದ.

"ನೆಟ್ಟಗ ಕಟ್ಟು" ಅಂದೆ. "ನಿಮ್ಮಪ್ಪ ಮೊದಲು ದಾರ ಹಿಡದದ್ದು ನೆಟ್ಟಗ."

ಪುಸ್ತಕದಲ್ಲಿ ಏನು ಬರೆಯಲಿ ಎಂದು ಮೇಡಂ ಮುಖ ಸಣ್ಣದು ಮಾಡಿದರು. ಹೆಂಡತಿ ಅಂಜಿದಳು, ಗಂಡ ಅವಳ ಮಾತು ಕೇಳಿದ, ಮಗ ಸರಿ ಮಾಡಿದ ಎಂದು ಬರೆಯಿರಿ ಅಂದೆ. ಅಷ್ಟಕ್ಕೆ ಪುಸ್ತಕ ಆಗುವುದಿಲ್ಲ, ನೀವೇ ಪೂರಾ ಬರೆದು ಕೊಡಿ ಅಂದರು. ಅದಕ್ಕೇ ಇದು.

ಅಂದೇ ಮಗ ಗೂಟ ಹೊಡೆದ. ದಾರದ ಒಂದು ತುದಿ ತನ್ನ ಕೈಯಲ್ಲಿ ಇಟ್ಟುಕೊಂಡು, ಇನ್ನೊಂದನ್ನು ನನ್ನ ಕಡೆ ಎಸೆದು, ಹಿಡಿ ಬೇ ಅಂದ. ಹಿಡಿದೆ. ಹಳೆಯ ಗೋಡೆಯಿಂದ ಹೊಸ ಮೂಲೆಯವರೆಗೆ ದಾರ ಸೀದಾ ನಿಂತಿತು, ನಡುವೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತೆ. ಆಮೇಲೆ ನನ್ನ ಕೈಯ ತುದಿಯನ್ನು ಒಂದು ಕಲ್ಲಿಗೆ ಕಟ್ಟಿ, ಪಕ್ಕದಲ್ಲಿ ಕೂತೆ.